ತೊಳೆದಿಟ್ಟ ಮನೆಯ ಮಹಜರು

ಇಂಥ ಬರಹವನ್ನು ಸಾಮಾನ್ಯವಾಗಿ ಅರವತ್ತು ತುಂಬಿ, ಶಾಲು ಹೊದೆಸಿಕೊಂಡು ಮನೆಗೆ ಬಂದವರು ಬರೆಯುತ್ತಾರೆ. ನಾನು ಮೂವತ್ತನಾಲ್ಕಕ್ಕೇ ಕಂದಾಯ ಇಲಾಖೆಯ ವಿ.ಎ., ಅಂದರೆ ಗ್ರಾಮ ಲೆಕ್ಕಿಗರ ಕೆಲಸ ಬಿಟ್ಟವಳು. ಈಗ ಮಿಜಾರಿನ ಹತ್ತಿರ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬರೆಯಲು ಕಾರಣ, ಹೊಸದಾಗಿ ಗ್ರಾಮ ಆಡಳಿತ ಅಧಿಕಾರಿಗಳಾಗಿ ಸೇರಿದ ಇಬ್ಬರು ಹುಡುಗಿಯರು. ಮೊನ್ನೆ ಮನೆಗೆ ಬಂದವರು, “ಅಕ್ಕ, ಟ್ರೈನಿಂಗಿನಲ್ಲಿ ಪಹಣಿ, ಖಾತೆ ಎಲ್ಲ ಹೇಳಿಕೊಟ್ರು. ನೆರೆ ಬಂದ್ರೆ ಎಂತ ಮಾಡುದು ಅಂತ ಯಾರೂ ಹೇಳ್ಲಿಲ್ಲ” ಎಂದರು. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರೂ ಕಡೆ ನಾನು ಕೆಲಸ ಮಾಡಿದ್ದೇನೆ. ಯಾವ ಘಟನೆ ಯಾವ ತಾಲೂಕಿನದು ಎಂದು ಇಲ್ಲಿ ಹೇಳುವುದಿಲ್ಲ. ಊರಿನ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಕೆಲಸಕ್ಕೆ ಸೇರಿದ ದಿನದಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. ತಾರೀಕು, ಮಳೆ, ಹೋದ ಮನೆ, ಆಡಿದ ಮಾತು. ತಿಂಗಳ ಕೊನೆಗೆ ಗೀಟು ಹಾಕಿ ಕೂಡಿಸುವುದೂ ಉಂಟು. ಸಹೋದ್ಯೋಗಿಗಳು ನಗುತ್ತಿದ್ದರು. ನಗಲಿ. ನೆನಪು ತನಗೆ ಬೇಕಾದದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಗೀಟಿಗೆ ಆ ಚಾಳಿ ಇಲ್ಲ.

ಒಂದು ಮಳೆಗಾಲ ನಾನು ಹೋದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ ಕೇಳಿದೆ: ನೀರು ಅಂಗಳಕ್ಕೆ ಬಂದಾಗ ಮೊದಲು ಏನು ಎತ್ತಿಕೊಂಡಿರಿ? ಚಿನ್ನ, ಕಾಗದಪತ್ರ ಎನ್ನುತ್ತಾರೆ ಎಂದುಕೊಂಡಿದ್ದೆ. ಹೆಚ್ಚು ಗೀಟು ಬಿದ್ದದ್ದು ಗ್ಯಾಸ್ ಸಿಲಿಂಡರಿಗೆ. ಎರಡನೆಯದು ಹಟ್ಟಿಯ ದನದ ಹಗ್ಗ ಬಿಚ್ಚಿದ್ದು. ಮಕ್ಕಳನ್ನು ಯಾರೂ ಹೇಳಲಿಲ್ಲ, ಯಾಕೆಂದರೆ ಮಕ್ಕಳನ್ನು ಎತ್ತಿಕೊಳ್ಳುವುದು ಅವರ ಪ್ರಕಾರ ಉತ್ತರವೇ ಅಲ್ಲ. ಒಬ್ಬ ಅಜ್ಜ ಮಾತ್ರ, “ನಾನು ಹಲ್ಲಿನ ಸೆಟ್ಟು ತಗೊಂಡೆ” ಎಂದರು. ಅವರ ಸೊಸೆ ಒಳಗಿನಿಂದ, “ಹೌದು ಮೇಡಂ, ಕಾಳಜಿ ಕೇಂದ್ರದಲ್ಲಿ ಚಕ್ಕುಲಿ ಕೊಟ್ಟಾರು ಅಂತ ಮೊದಲೇ ಗೊತ್ತಿತ್ತು ಇವರಿಗೆ” ಎಂದಳು. ಮನೆಯೊಳಗೆ ಇನ್ನೂ ಕೆಸರಿತ್ತು. ಎಲ್ಲರೂ ನಕ್ಕರು.

ಇದನ್ನು ಮೊದಲು ತಿಳಿದುಕೊಳ್ಳಿ. ನೀರು ಇಳಿದ ಮರುದಿನ ಜನ ಅಳುವುದಿಲ್ಲ. ಕತೆ ಹೇಳುತ್ತಾರೆ. ನೀರು ಎಲ್ಲಿಯವರೆಗೆ ಬಂತೆಂದು ಗೋಡೆಯಲ್ಲಿ ಕೈಯಿಟ್ಟು ತೋರಿಸುತ್ತಾರೆ, ಪಕ್ಕದ ಮನೆಯವರು ಅದಕ್ಕಿಂತ ಒಂದು ಗೇಣು ಮೇಲೆ ತೋರಿಸುತ್ತಾರೆ. ಆ ದಿನ ನೀವು ಹೋಗಿ ‘ನಷ್ಟ ಎಷ್ಟು’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ನನ್ನ ಮೇಲಿದ್ದ ಕಂದಾಯ ನಿರೀಕ್ಷಕ ಪೂವಪ್ಪನವರು ಇದನ್ನು ಚೆನ್ನಾಗಿ ಬಲ್ಲವರು. ನಾನು ಜೀಪಿನಿಂದ ಇಳಿದವಳೇ ಮೊಬೈಲು ತೆಗೆದರೆ ಗದರುತ್ತಿದ್ದರು. “ಮೊದಲು ಕೂತ್ಕೊಳ್ಳಿ ಮಾರಾಯ್ರೆ. ಅವರು ಬೆಲ್ಲ ನೀರು ಕೊಡ್ತಾರೆ, ಕುಡೀರಿ. ನಿಂತವರಿಗೆ ಯಾರೂ ಎಂತದೂ ಹೇಳುದಿಲ್ಲ.” ಬೆಲ್ಲದ ಡಬ್ಬಿಯೇ ಹೊಳೆ ಪಾಲಾದ ಮನೆಯಲ್ಲೂ ಪಕ್ಕದ ಮನೆಯಿಂದ ತಂದು ಕೊಟ್ಟದ್ದನ್ನು ನೋಡಿದ್ದೇನೆ.

ಪೂವಪ್ಪನವರ ಜೊತೆ ಹೋದ ಒಂದು ಪ್ರಕರಣ ಇನ್ನೂ ನೆನಪಾಗಿ ನಗು ಬರುತ್ತದೆ. ಗಾಳಿಗೆ ಒಂದು ಹಲಸಿನ ಮರ ಬಿದ್ದಿತ್ತು. ಗಡಿಯಲ್ಲಿದ್ದ ಮರ. ಅದು ಯಾರದೆಂದು ಎರಡು ಮನೆಯವರು ವರ್ಷಗಟ್ಟಲೆ ಜಗಳವಾಡಿ, ಹಣ್ಣು ಕೊಯ್ಯುವ ಹೊತ್ತಿಗೆ ಪೊಲೀಸರವರೆಗೆ ಹೋಗಿದ್ದರು. ಬಿದ್ದ ಮರ ಒಬ್ಬರ ಬಚ್ಚಲುಕೊಟ್ಟಿಗೆಯನ್ನೂ ಇನ್ನೊಬ್ಬರ ಕಂಪೌಂಡಿನ ಪಾಗಾರವನ್ನೂ ಪುಡಿ ಮಾಡಿತ್ತು. “ಮರ ಯಾರದ್ದು?” ಎಂದು ಪೂವಪ್ಪ ಕೇಳಿದರು. ಇಬ್ಬರೂ ಒಂದೇ ಉಸಿರಿಗೆ, “ಅವರದ್ದು ಸಾರ್” ಎಂದರು. ಪೂವಪ್ಪ ನನ್ನ ಕಡೆ ತಿರುಗಿ, “ಬರೀರಿ. ಇವತ್ತಿಗೆ ಗಡಿ ತಕರಾರು ಇತ್ಯರ್ಥ ಆಯ್ತು” ಎಂದರು.

ನಾನು ಸೇರಿದಾಗ ಟೇಪು ಹಿಡಿದು ಅಳೆದು, ಹಾಳೆಯಲ್ಲಿ ಮಹಜರು ಬರೆದು, ಊರಿನವರ ಸಹಿ ಹಾಕಿಸುತ್ತಿದ್ದೆವು. ಆಮೇಲೆ ಮೊಬೈಲ್ ಆ್ಯಪ್ ಬಂತು. ಕೆಲಸ ಬೇಗ ಆಗುತ್ತದೆ, ಸುಳ್ಳು ಕಡಿಮೆಯಾಗಿದೆ, ನಾನು ಅದರ ವಿರೋಧಿಯಲ್ಲ. ಆದರೆ ಆ್ಯಪಿಗೆ ಮನೆಯ ಎದುರಿನ ಫೋಟೊ ಬೇಕು, ಮನೆಯವರು ಅದರಲ್ಲಿ ನಿಂತಿರಬೇಕು. ಫೋಟೊ ಎಂದ ಕೂಡಲೆ ನಮ್ಮ ಜನ ತಲೆ ಬಾಚಿಕೊಳ್ಳುತ್ತಾರೆ. ಇದ್ದುದರಲ್ಲಿ ಒಳ್ಳೆಯ ಸೀರೆ ಉಡುತ್ತಾರೆ, ಕ್ಯಾಮೆರಾ ನೋಡಿದರೆ ನಗುತ್ತಾರೆ. ಹಿಂದಿನ ಗೋಡೆ ಇಡಿಯಾಗಿ ಕುಸಿದ ಮನೆಯ ಮುಂದೆ ದಂಪತಿ ಮದುವೆಯ ಫೋಟೊದಂತೆ ನಿಂತ ಚಿತ್ರಗಳು ಸರಕಾರದ ಕಡತದಲ್ಲಿ ಎಷ್ಟೋ ಇವೆ. ಜಿಲ್ಲಾ ಕಚೇರಿಯಲ್ಲಿ ಕುಳಿತವರು ಅದನ್ನು ನೋಡಿ, ‘ಇವರಿಗೆ ಏನಾಗಿದೆ, ಚೆನ್ನಾಗಿಯೇ ಇದ್ದಾರಲ್ಲ’ ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಹಿಂದಿನಿಂದಲೂ ಒಂದು ಫೋಟೊ ತೆಗೆಯಿರಿ. ಯಾರೂ ಕೇಳುವುದಿಲ್ಲ, ಆದರೂ ತೆಗೆಯಿರಿ.

ಸರಕಾರದ ನಡವಳಿಕೆಗೂ ಒಂದು ಕ್ರಮವಿದೆ. ಮೊದಲ ದಿನ ಅದಕ್ಕೆ ಸಂಜೆಯೊಳಗೆ ಸಂಖ್ಯೆ ಬೇಕು. ಎಷ್ಟು ಮನೆ, ಎಷ್ಟು ಜಾನುವಾರು, ಎಷ್ಟು ಕಂಬ. ದೊಡ್ಡವರು ಬರುವ ದಿನ ಬೇಕಾಗುವುದು ಬಿಸಿನೀರಿನ ಫ್ಲಾಸ್ಕು ಮತ್ತು ಒಣಗಿದ ದಾರಿ. ಮೊದಲ ವಾರ ಎಲ್ಲರೂ ಇರುತ್ತಾರೆ. ಎರಡನೇ ವಾರ ಯಾರೂ ಇರುವುದಿಲ್ಲ. ಆದರೆ ಮಣ್ಣಿನಲ್ಲಿ ಕಟ್ಟಿದ ಗೋಡೆಗಳು ಬೀಳುವುದು ನೀರು ನಿಂತಾಗ ಅಲ್ಲ, ಬಿಸಿಲು ಬಂದು ಒಣಗಲು ಹೊರಟಾಗ. ಅಂದರೆ ಎರಡನೇ ವಾರದಲ್ಲಿ. ಹಾಗಾಗಿ ನಾನು ಎರಡನೇ ವಾರ ತಪ್ಪದೆ ಒಂದು ಸುತ್ತು ಹೋಗುತ್ತಿದ್ದೆ. ಹಾಗೆ ಹೋದ ಒಂದು ಸುತ್ತಿನಲ್ಲಿಯೇ ಗಿರಿಜಕ್ಕನ ಮನೆಯ ವಿಷಯ ಗೊತ್ತಾದದ್ದು. ನನ್ನ ಆಗಿನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ಕುಂಟಾಲಬೈಲು ಹೊಳೆಯ ಬದಿಯ ಊರು. ಘಟ್ಟದ ಮೇಲೆ ಸುರಿದ ಮಳೆಗೆ ಹೊಳೆ ಉಕ್ಕಿ ಐದಾರು ಮನೆಗಳಿಗೆ ನುಗ್ಗಿತ್ತು. ಗಿರಿಜಕ್ಕ ಬೀಡಿ ಕಟ್ಟುವವರು, ಗಂಡ ಶೀನಣ್ಣ ಶಾಲೆಯ ವ್ಯಾನಿನ ಚಾಲಕ, ಇಬ್ಬರು ಹೆಣ್ಣುಮಕ್ಕಳು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಕಲ್ಲಿಗೂ ಕಲ್ಲಿಗೂ ನಡುವೆ ಸಿಮೆಂಟಿಲ್ಲ, ಮಣ್ಣು. ನೀರು ಇಳಿದಾಗ ನಾನು ಗುಡ್ಡ ಜರಿದ ಇನ್ನೊಂದು ಊರಿಗೆ ನಿಯೋಜನೆ ಮೇಲೆ ಹೋಗಿದ್ದೆ. ಇಲ್ಲಿಯ ಸಮೀಕ್ಷೆಯನ್ನು ಬೇರೆ ತಂಡ ಮಾಡಿತು. ಗಿರಿಜಕ್ಕನ ಮನೆಗೆ ‘ಅಲ್ಪ ಹಾನಿ’ ಎಂದು ದಾಖಲಾಯಿತು. ಆ್ಯಪಿನಲ್ಲಿದ್ದ ಫೋಟೊ ನೋಡಿದೆ. ಸುಣ್ಣ ಬಳಿದ ಬೆಳ್ಳನೆಯ ಗೋಡೆ, ಗುಡಿಸಿದ ಅಂಗಳ, ಬಾಗಿಲಲ್ಲಿ ರಂಗೋಲಿ. ಊರಿನಲ್ಲೇ ಚೆಂದದ ಮನೆ.

ಎರಡನೇ ವಾರ ಹೋದಾಗ ಗಿರಿಜಕ್ಕ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಎಲೆ, ಹೊಗೆಸೊಪ್ಪು ಹರಡಿದ ಮೊರದಂಥ ಗೆರಸೆ, ಬೆನ್ನು ಗೋಡೆಗೆ.

“ಬನ್ನಿ ವಿ.ಎ. ಮೇಡಂ, ಕೂತ್ಕೊಳ್ಳಿ. ಈ ಸರ್ತಿ ನಮ್ಮ ಮನೆ ನೋಡಿ, ಗೃಹಪ್ರವೇಶಕ್ಕೆ ಮಾಡಿದ ಹಾಗುಂಟು ಅಲ್ವಾ?”

“ಯಾರು ಮಾಡಿಕೊಟ್ರು ಅಕ್ಕ?”

“ಪೇಟೆಯ ಹಮೀದಣ್ಣ ಹುಡುಗರನ್ನು ಕರ್ಕೊಂಡು ಬಂದಿದ್ರು. ಅವರ ಸರ್ವಿಸ್ ಸ್ಟೇಶನಿನ ಪಂಪು ಉಂಟಲ್ಲ, ಕಾರಿಗೆ ಹೊಡಿಯುವಂಥದ್ದು, ಅದನ್ನು ಪಿಕಪ್ಪಿನಲ್ಲಿ ಹಾಕಿ ತಂದ್ರು. ಅರ್ಧ ದಿನದಲ್ಲಿ ಒಂದು ಚೂರು ಕೆಸರಿಲ್ಲ. ಮತ್ತೆ ಎರಡು ದಿನ ಬಿಟ್ಟು ಭಜನಾ ಮಂಡಳಿಯವರು ಬಂದು ಸುಣ್ಣ ಕೊಟ್ರು. ನಾನು ಎಲ್ಲರಿಗೂ ಅವಲಕ್ಕಿ ಮಾಡಿದೆ, ಅಷ್ಟೇ ನನ್ನ ಕೆಲಸ.”

ನಾನು ಅವರ ಪಕ್ಕ ಕುಳಿತೆ. ಕುಳಿತಾಗ ಕಂಡಿತು: ಸುಣ್ಣದಲ್ಲಿ ಪ್ರತಿ ಕಲ್ಲಿನ ಸುತ್ತಲೂ ಕೂದಲೆಳೆಯಂಥ ಬಿರುಕು, ಯಾರೋ ಪೆನ್ಸಿಲಿನಲ್ಲಿ ಚೌಕ ಬರೆದ ಹಾಗೆ. ಒಂದು ಬಿರುಕಿಗೆ ಪೆನ್ನಿನ ತುದಿ ಇಟ್ಟು ಒತ್ತಿದೆ. ಪೆನ್ನು ಮುಚ್ಚಳದವರೆಗೆ ಒಳಗೆ ಹೋಯಿತು. ಇನ್ನೊಂದು ಕಡೆ ಒತ್ತಿದೆ. ಅಲ್ಲಿಯೂ ಅಷ್ಟೇ. ಕಲ್ಲುಗಳ ನಡುವೆ ಮಣ್ಣೇ ಇರಲಿಲ್ಲ. ಇಡೀ ದಿನ ನೆನೆದ ಮಣ್ಣನ್ನು ಪಂಪಿನ ನೀರು ತೊಳೆದುಕೊಂಡು ಹೋಗಿತ್ತು. ಮೇಲೆ ಸುಣ್ಣ ಕೊಟ್ಟದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಗೋಡೆ ಈಗ ನಿಂತಿದ್ದದ್ದು ಕಲ್ಲಿನ ಮೇಲೆ ಕಲ್ಲು ಇಟ್ಟ ಹಾಗೆ, ಅಷ್ಟೇ.

ಆ ವಾರದ ಕೊನೆಗೆ ಮತ್ತೆ ಭಾರಿ ಮಳೆಯ ಎಚ್ಚರಿಕೆ ಇತ್ತು.

“ಅಕ್ಕ, ಇಲ್ಲಿ ಒರಗಿ ಕೂರಬೇಡಿ. ಮಕ್ಕಳನ್ನು ಈ ಮನೆಯಲ್ಲಿ ಮಲಗಿಸಲೂ ಬೇಡಿ.”

ಪೆನ್ನು ಹೋದದ್ದನ್ನು ಅವರೂ ನೋಡಿದ್ದರು. ಆದರೂ ಗೆರಸೆ ಬದಿಗಿಡಲಿಲ್ಲ. “ಎಲ್ಲಿಗೆ ಹೋಗುದು ಮೇಡಂ? ಅಷ್ಟು ಜನ ಬಂದು ಬೆವರು ಸುರಿಸಿ ತೊಳೆದುಕೊಟ್ಟ ಮನೆ. ಬೀಳ್ತದೆ ಅಂತ ಬಿಟ್ಟು ಹೋದ್ರೆ ಅವರು ಎಂತ ಹೇಳ್ಯಾರು? ನಾಳೆ ಅವರ ಮುಖ ನೋಡ್ಲಿಕ್ಕೆ ಉಂಟು ನನಗೆ.”

ಶೀನಣ್ಣ ವ್ಯಾನು ನಿಲ್ಲಿಸಿ ಬಂದವರು ಇನ್ನೊಂದು ಮಾತು ಹೇಳಿದರು. ಅದು ನಿಜವಾದ ಗಂಟು. “ಮೇಡಂ, ನಾವು ಹೋದ್ರೆ ಇದು ಬಿಟ್ಟುಹೋದ ಮನೆ ಆಗ್ತದೆ. ಮತ್ತೆ ಬಿದ್ರೆ ಯಾರೂ ವಾಸ ಇಲ್ಲದ ಮನೆ ಅಂತ ಬರೀತೀರಿ ನೀವೇ. ಹೌದಾ ಅಲ್ವಾ?”

ಹೌದು. ವಾಸವಿಲ್ಲದ ಮನೆಗೆ ಪರಿಹಾರವಿಲ್ಲ. ಅಲ್ಪ ಹಾನಿಯ ಮನೆಯವರಿಗೆ ಹೊಸ ಮನೆಯೂ ಇಲ್ಲ. ಅಲ್ಲಿ ಉಳಿದರೆ ಜೀವಕ್ಕೆ ಅಪಾಯ, ಹೊರಟರೆ ಮನೆ ಇನ್ನು ಯಾವತ್ತೂ ಇಲ್ಲ. “ಬರೆದು ಕೊಡಿ, ಈಗಲೇ ಹೋಗ್ತೇವೆ” ಎಂದರು ಶೀನಣ್ಣ.

ಬರೆಯುವ ಅಧಿಕಾರ ತಹಶೀಲ್ದಾರರದು. ಅವರು ಮೈಸೂರು ಕಡೆಯವರು, ಒರಟರಲ್ಲ, ಆದರೆ ಆ ದಿನಗಳಲ್ಲಿ ನಿದ್ದೆಗೆಟ್ಟು ಬಳಲಿದ್ದರು. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು.

“ಪಟ್ಟಿ ಮೇಲಕ್ಕೆ ಹೋಗಿದೆಯಮ್ಮ. ಬಿದ್ದಿರೋ ಮನೆ ತೋರಿಸಿ, ಪೂರ್ಣ ಹಾನಿ ಅಂತ ಇವತ್ತೇ ಬರೀತೀನಿ. ನಿಂತಿರೋ ಮನೆ, ಅದೂ ಸುಣ್ಣ ಬಳಿದಿರೋ ಮನೆ. ಆ ಫೋಟೊ ನೋಡಿ ನಾಳೆ ಆಡಿಟ್‌ನವರು ನನ್ನನ್ನ ಏನಂತಾರೆ?”

“ಬಿದ್ದಾಗ ಒಳಗೆ ಜನ ಇರ್ತಾರೆ ಸರ್.”

“ಕಾಳಜಿ ಕೇಂದ್ರಕ್ಕೆ ಕಳಿಸಿ.”

“ಹೋಗುವುದಿಲ್ಲ ಸರ್. ನೀವು ಒಮ್ಮೆ ಬಂದು ನೋಡಬೇಕು.”

“ನೋಡೋಣ” ಎಂದು ಫೋನಿಟ್ಟರು. ಕಚೇರಿಯಲ್ಲಿ ಆ ಪದಕ್ಕೆ ‘ಇಲ್ಲ’ ಎಂದೇ ಅರ್ಥ. ಪೂವಪ್ಪನವರಿಗೆ ಹೇಳಿದೆ. “ಕಾಗದ ಕಳಿಸಿದ್ರೆ ಅದು ಮೇಜಿನ ಮೇಲೆ ಮಲಗ್ತದೆ. ಗುರುವಾರ ಸಾಹೇಬರು ಆ ದಾರಿಯಲ್ಲೇ ಸೇತುವೆ ನೋಡ್ಲಿಕ್ಕೆ ಬರ್ತಾರೆ. ಜೀಪು ಎಲ್ಲಿ ತಿರುಗಬೇಕು ಅಂತ ಚಾಲಕನಿಗೆ ನಾನು ಹೇಳ್ತೇನೆ. ಉಳಿದದ್ದು ನೀವು ನೋಡಿಕೊಳ್ಳಿ” ಎಂದರು.

ಉಳಿದದ್ದು ಎಂದರೆ ಹಮೀದ್. ಗಿರಿಜಕ್ಕ ಹೆದರಿದ್ದು ಅವರ ಮುಖಕ್ಕೆ, ಹಾಗಾಗಿ ಅವರೇ ಬರಬೇಕು ಎಂದು ನಿರ್ಧರಿಸಿದೆ. ಸ್ಕೂಟಿ ಹತ್ತಿ ನೇರ ಪೇಟೆಯ ಅವರ ಸರ್ವಿಸ್ ಸ್ಟೇಶನಿಗೆ ಹೋದೆ. ಹಮೀದ್ ಜೋರು ಗಂಟಲಿನ ಮನುಷ್ಯ, ಊರಲ್ಲಿ ಏನಾದರೂ ಅನಾಹುತವಾದರೆ ಆ್ಯಂಬುಲೆನ್ಸಿಗಿಂತ ಮೊದಲು ಅವರ ಪಿಕಪ್ ಇರುತ್ತಿತ್ತು.

“ಎಂತ ಮೇಡಂ, ಸ್ಕೂಟಿ ತೊಳೀಲಿಕ್ಕುಂಟಾ? ಸರಕಾರದವರಿಗೆ ಫ್ರೀ ಇಲ್ಲ, ಮೊದಲೇ ಹೇಳ್ತೇನೆ.”

“ಸ್ಕೂಟಿ ಅಲ್ಲ. ನೀವು ತೊಳೆದ ಒಂದು ಮನೆ ನೋಡ್ಲಿಕ್ಕೆ ಬನ್ನಿ.”

ದಾರಿಯಿಡೀ ಅವರು ತಾವು ತೊಳೆದ ಮನೆಗಳ ಕತೆ ಹೇಳಿದರು. ಕುಂಟಾಲಬೈಲಿನಲ್ಲಿ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ನಾನು ತೋರಿಸಿದ ಬಿರುಕಿಗೆ ಇಟ್ಟರು. ಹಿಡಿಯವರೆಗೆ ಹೋಯಿತು. ಇನ್ನೊಂದು ಕಡೆ ಇಟ್ಟರು. ಮನೆಗೆ ಒಂದು ಸುತ್ತು ಬಂದರು. ಕೊನೆಗೆ ಜಗಲಿಯ ಕೆಳಗೆ ನಿಂತು ಹೇಳಿದರು:

“ಗಿರಿಜಕ್ಕ, ನಾನು ಕಾರು ತೊಳೆಯುವವ. ನಿಮ್ಮ ಮನೆಯನ್ನೂ ಕಾರಿನ ಹಾಗೆ ತೊಳೆದೆ. ತಗಡು ತಾಳ್ತದೆ, ಮಣ್ಣು ತಾಳುದಿಲ್ಲ ಅಂತ ನನಗೆ ಅಂದಾಜಾಗ್ಲಿಲ್ಲ.”

“ಅಯ್ಯೋ, ಹಾಗೆಲ್ಲ ಹೇಳಬೇಡಿ ಹಮೀದಣ್ಣ. ನೀವು ಬಾರದಿದ್ರೆ ಮಕ್ಕಳು ಇವತ್ತಿಗೂ ಕೆಸರಲ್ಲಿ ನಿಂತು ಊಟ ಮಾಡಬೇಕಿತ್ತು.”

“ಅದು ಬೇರೆ, ಇದು ಬೇರೆ. ನೀವು ಹೊರಡಿ ಅಕ್ಕ. ಸಾಮಾನು ನಾನು ಸಾಗಿಸ್ತೇನೆ. ನನ್ನ ಮರ್ಯಾದೆ ಕಾಯ್ಲಿಕ್ಕೆ ನೀವು ಗೋಡೆ ಕೆಳಗೆ ಮಲಗುದು ಬೇಡ.”

ಗಿರಿಜಕ್ಕನ ಒಂದು ಅಡ್ಡಿ ಅಲ್ಲಿಗೆ ಕರಗಿತು. ಶೀನಣ್ಣನ ಅಡ್ಡಿ ಉಳಿದಿತ್ತು: ಬರೆದು ಕೊಟ್ಟರೆ ಮಾತ್ರ. ಅದು ಮೊಂಡುತನವಲ್ಲ. ಬೀಡಿ ಕಟ್ಟಿ, ವ್ಯಾನು ಓಡಿಸಿ ಇನ್ನೊಂದು ಮನೆ ಕಟ್ಟಲು ಅವರಿಂದ ಆಗುತ್ತಿರಲಿಲ್ಲ. ಗುರುವಾರದವರೆಗೆ ಮಕ್ಕಳನ್ನಾದರೂ ನೆಂಟರ ಮನೆಗೆ ಕಳುಹಿಸಿ ಎಂದೆ, ಕಳುಹಿಸಿದರು. ಗಂಡಹೆಂಡತಿ ಅಲ್ಲೇ ಉಳಿದರು.

ಗುರುವಾರ ಮಧ್ಯಾಹ್ನ ಜೀಪು ತಿರುಗಬೇಕಾದಲ್ಲಿ ತಿರುಗಿತು. ತಹಶೀಲ್ದಾರರು ಇಳಿದು ಮನೆಯನ್ನು ನೋಡಿದರು, ಆಮೇಲೆ ನನ್ನನ್ನು. “ಇದೇ ಮನೇನಾ? ನಮ್ಮ ಕ್ವಾರ್ಟರ್ಸು ಇದಕ್ಕಿಂತ ಹಾಳಾಗಿದೆ ಕಣಮ್ಮ” ಎಂದರು. ಪೂವಪ್ಪ ಮೋಡ ನೋಡುತ್ತ ನಿಂತರು. ನಾನು ಬರಹೇಳಿದ್ದ ಹಮೀದ್ ಪಿಕಪ್ಪಿನೊಂದಿಗೆ ಮೊದಲೇ ಬಂದು ಕಾಯುತ್ತಿದ್ದರು.

ಗಿರಿಜಕ್ಕ ಜಗಲಿ ದಾಟಿದರೆ ಸಿಗುವ ಚಾವಡಿಯ ಒಳಗೆ ಗೋಡೆಗೆ ತಾಗಿಸಿ ಕುರ್ಚಿ ಇಟ್ಟಿದ್ದರು, ದೊಡ್ಡವರು ಬಂದರೆ ಇಡುವ ಜಾಗ ಅದೇ. ಸಾಹೇಬರು ಕುಳಿತು ಹಿಂದಕ್ಕೆ ಒರಗಿದರು. ನಾನು ನಿಯಮದ ಮಾತು ಎತ್ತಲಿಲ್ಲ. ನಿಯಮ ನನಗಿಂತ ಅವರಿಗೆ ಹೆಚ್ಚು ಗೊತ್ತಿತ್ತು. “ಹಮೀದ್, ಸರ್‌ಗೆ ತೋರಿಸಿ” ಎಂದೆ, ಅಷ್ಟೇ.

ಹಮೀದ್ ಸಾಹೇಬರ ಭುಜದ ಪಕ್ಕದಲ್ಲಿ ಸ್ಕ್ರೂಡ್ರೈವರ್ ಇಟ್ಟು ಒಂದೇ ಬೆರಳಿನಿಂದ ಒತ್ತಿದರು. ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆಳೆದರು. ಒಂದು ಅಡಿ ಆಚೆ ಇಟ್ಟು ಒತ್ತಿದರು. ಮತ್ತೆ ಅಷ್ಟೇ. ಮೂರನೆಯ ಸಲ ಎಳೆದಾಗ ಒಂದು ಕಲ್ಲಿನ ಮೂಲೆ ಸುಣ್ಣದೊಂದಿಗೆ ಕಳಚಿ ಸಾಹೇಬರ ಚಪ್ಪಲಿಯ ಪಕ್ಕ ಬಿತ್ತು. ಮೇಲೆ ಎಲ್ಲೋ ಒಂದು ಹಂಚು ಕಿರ್ ಎಂದಿತು.

ತಹಶೀಲ್ದಾರರು ಎದ್ದರು. ಅವಸರವಿಲ್ಲದೆ, ತಾವು ಹೆದರಿದ್ದು ಕಾಣದ ಹಾಗೆ, ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೊರಗೆ ಹೋಗಿ ಅಂಗಳದ ನಟ್ಟನಡುವೆ ಇಟ್ಟು ಕುಳಿತರು. ಹನಿ ಬೀಳತೊಡಗಿತ್ತು. ಚಾಲಕ ಓಡಿಬಂದು ಕೊಡೆ ಹಿಡಿದ.

“ಒಳಗೆ ಸೆಕೆ” ಎಂದರು ಸಾಹೇಬರು.

ಗಿರಿಜಕ್ಕ ಬೆಲ್ಲ, ನೀರಿನ ತಟ್ಟೆ ಹಿಡಿದು ಚಾವಡಿಗೆ ಬಂದವರು ಅಲ್ಲಿ ಕುರ್ಚಿ ಇಲ್ಲದ್ದನ್ನು ನೋಡಿ ಅಂಗಳಕ್ಕೆ ಇಳಿದರು. ತಟ್ಟೆ ಚಾಚಿದರು. ಅವರ ದನಿಯಲ್ಲಿ ಕುಚೋದ್ಯವಿರಲಿಲ್ಲ. ಶಾಲೆಯ ಮೇಷ್ಟ್ರನ್ನು ಸಂದೇಹ ಕೇಳುವ ಹಾಗೆ, ನಿಧಾನವಾದ ಕನ್ನಡದಲ್ಲಿ ಕೇಳಿದರು:

“ಸಾರ್, ನಿಮಗೆ ಒಂದು ಗಳಿಗೆ ಕೂತ್ಕೊಳ್ಳಿಕ್ಕೆ ಆಗದ ಮನೆಯಲ್ಲಿ ನಾವು ಮಲಗಬಹುದಾ?”

ಸಾಹೇಬರು ಬೆಲ್ಲದ ಚೂರು ಕೈಯಲ್ಲೇ ಹಿಡಿದು ಮನೆಯನ್ನು ನೋಡಿದರು. ಆಮೇಲೆ ಅದನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಲೋಟ ಹಿಂದಿರುಗಿಸಿದರು.

“ಇಲ್ಲಮ್ಮ. ಮಲಗಬಾರದು” ಎಂದರು. ನನ್ನ ಕಡೆ ಕೈ ಚಾಚಿದರು. “ಮಹಜರು ಹಾಳೆ ಕೊಡಿ. ವಾಸಕ್ಕೆ ಯೋಗ್ಯವಲ್ಲ, ನನ್ನ ಆದೇಶದ ಮೇಲೆ ತೆರವು ಮಾಡಿಸಿದ್ದು ಅಂತ ಬರೀತೀನಿ. ಮರುಸಮೀಕ್ಷೆ, ಪೂರ್ಣ ಹಾನಿ. ಆಡಿಟ್‌ನವರು ಬಂದ್ರೆ ಈ ಕುರ್ಚಿ ಒಳಗೆ ಹಾಕಿ ಅವರನ್ನೇ ಕೂರಿಸೋಣ.”

ಜೀಪಿನ ಬಾನೆಟ್ಟಿನ ಮೇಲೆ, ಕೊಡೆಯ ಕೆಳಗೆ, ಅವರು ತಮ್ಮ ಕೈಯಾರೆ ಬರೆದರು. ಶೀನಣ್ಣ ಪ್ರತಿ ಸಾಲನ್ನೂ ಅವರ ಹೆಗಲ ಮೇಲಿಂದ ಓದಿದರು, ಸಹಿ ಬಿದ್ದ ಮೇಲೆಯೇ ಉಸಿರು ಬಿಟ್ಟರು. ಹಮೀದ್ ಅಷ್ಟರಲ್ಲಿ ಪಿಕಪ್ಪನ್ನು ಅಂಗಳಕ್ಕೆ ಹಿಮ್ಮುಖವಾಗಿ ತಂದಾಗಿತ್ತು. ಗಿರಿಜಕ್ಕ ಮೊದಲು ಹೊರಗೆ ತಂದದ್ದು ಬೀಡಿಯ ಗೆರಸೆ, ಅದರ ಮೇಲೆ ಮಳೆ ಬೀಳದ ಹಾಗೆ ಸೆರಗು ಮುಚ್ಚಿ.